ರಂಜಕ ತಗ್ಗಿಸುವ ಮಾತ್ರೆ: ಊಟದ ಜೊತೆಗೇ ಏಕೆ?



ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರು ಹೆಸರು ನಿಮಗೆ ಹೊಸವಲ್ಲ. ಬೆಳೆಗೆ ಬೇರು ಕೊಡುವ ರಂಜಕವೇ ನಮ್ಮ ಎಲುಬು, ಹಲ್ಲುಗಳಲ್ಲಿಯೂ ಇದೆ. ರಾಗಿ, ಬೇಳೆ, ಹಾಲು, ಮೀನು, ಮಾಂಸ ಮುಂತಾದವುಗಳಿಂದ ಅದು ಮೈಗೆ ಸೇರುತ್ತದೆ. ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಅವು ಕೆಟ್ಟ ಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಬೇರೆ ಕೇಂದ್ರಕ್ಕೋ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ನಮ್ಮ ಹಳ್ಳಿಗಳಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರಿಗೆ ವೈದ್ಯರು ರಂಜಕ ತಗ್ಗಿಸುವ ಮಾತ್ರೆಯನ್ನು ಬರೆದುಕೊಟ್ಟಿರುತ್ತಾರೆ. ಅದನ್ನು ನುಂಗುವ ಕ್ರಮ ತಪ್ಪಿದರೆ ಹಣವೂ ವ್ಯರ್ಥ, ದೇಹಕ್ಕೂ ಹಾನಿ.

ಯಂತ್ರವೊಂದೇ ಸಾಲದು

ಜಮಾಖರ್ಚು ನೋಡಿರಿ. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ರಂಜಕ ತಿಂದರೆ ವಾರಕ್ಕೆ 7,000 ಆಯಿತು. ಕರುಳು ಹೀರುವುದು ನೂರಕ್ಕೆ 60ರಷ್ಟೆಂದರೂ 4,200 ಮಿಲಿಗ್ರಾಂ ಜಮಾ. 4 ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800. ವಾರಕ್ಕೆ 3 ಸಲ ಹೋದರೂ ಖರ್ಚು 2,400 ಮಾತ್ರ. ಉಳಿದುದು ರಕ್ತದಲ್ಲಿ ಸೇರುತ್ತ ಹೋಗುತ್ತದೆ.

ಮೊದಮೊದಲು ಇದರಿಂದ ನೋವಿಲ್ಲ. ಕ್ರಮೇಣ ಮೈ ತುರಿಕೆ ಬರಬಹುದು, ಎಲುಬು ಸಡಿಲವಾಗುತ್ತದೆ, ರಕ್ತನಾಳಗಳು ಗಡುಸಾಗಿ ಹೃದಯಕ್ಕೆ ಅಪಾಯ ಒದಗುತ್ತದೆ. ಆದುದರಿಂದ "ನನಗೇನೂ ಆಗಿಲ್ಲ" ಎಂದು ಮಾತ್ರೆ ಬಿಡಕೂಡದು.

ಮಾತ್ರೆ ಮಾಡುವ ಕೆಲಸ

ಮಲೆನಾಡಿನ ಕೆಂಪು ಹುಳಿಮಣ್ಣಿಗೆ ಸೂಪರ್ ಫಾಸ್ಫೇಟ್ ಹಾಕಿದರೆ ಅದರಲ್ಲಿ ಬಹುಪಾಲು ಬೆಳೆಗೆ ದಕ್ಕುವುದಿಲ್ಲ. ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಕಟ್ಟಿಹಾಕುತ್ತವೆ. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಭದ್ರಾವತಿಯ ಸೀಮೆಯವರಿಗೆ ಮಣ್ಣಿನಲ್ಲಿ ಕಬ್ಬಿಣವಿದೆಯೆಂದು ಹೇಳಬೇಕಾಗಿಲ್ಲ. ಹೊಲದಲ್ಲಿ ಇದು ನಷ್ಟ. ರೋಗಿಯ ಹೊಟ್ಟೆಯಲ್ಲಿ ಇದೇ ಲಾಭ. ಮಾತ್ರೆಯು ಊಟದ ರಂಜಕವನ್ನು ಕಟ್ಟಿಹಾಕಿ ಮಲದೊಡನೆ ಸಾಗಿಸುತ್ತದೆ. ರಕ್ತಕ್ಕೆ ಸೇರಿಹೋದ ರಂಜಕವನ್ನು ಅದು ಹಿಡಿಯಲಾರದು. ಊಟವಾಗಿ 2 ಗಂಟೆಯ ಮೇಲೆ ನುಂಗಿದ ಮಾತ್ರೆ, ಪೈರು ಕೊಯ್ದ ಮೇಲೆ ಹಾಕಿದ ಗೊಬ್ಬರದಂತೆ.

ಪಾಲಿಸಬೇಕಾದ ಕ್ರಮ

1. ವೈದ್ಯರು ಹೇಳಿದಷ್ಟು ಮಾತ್ರೆಯನ್ನು ಊಟದ ಜೊತೆಯಲ್ಲಿಯೇ ತೆಗೆದುಕೊಳ್ಳಿ. ಊಟ ಬಿಟ್ಟರೆ ಆ ಹೊತ್ತಿನ ಮಾತ್ರೆಯನ್ನೂ ಬಿಡಿ. ಮರೆತುದಕ್ಕೆ ಬದಲಾಗಿ ಮುಂದಿನ ಊಟಕ್ಕೆ ಎರಡು ಪಾಲು ನುಂಗಬೇಡಿ.

2. ಗದ್ದೆಗೆ ಬುತ್ತಿ ಒಯ್ಯುವಾಗ, ಮದುವೆ ಮನೆಗೆ ಹೋಗುವಾಗ, ಡಯಾಲಿಸಿಸ್‌ಗೆಂದು ಬಸ್ಸು ಹತ್ತುವಾಗ ಮಾತ್ರೆ ಜೊತೆಗಿರಲಿ. ಹೊರಗೆ ಉಣ್ಣುವ ದಿನವೇ ಮರೆಯುವುದು ಹೆಚ್ಚು.

3. ಎಲ್ಲ ಮಾತ್ರೆಯೂ ಒಂದೇ ಬಗೆಯಲ್ಲ. ಸೆವೆಲಮರ್ ಮಾತ್ರೆಯನ್ನು ಪುಡಿ ಮಾಡದೆ, ಅಗಿಯದೆ ಇಡಿಯಾಗಿ ನುಂಗಬೇಕು. ಲ್ಯಾಂಥನಮ್ ಮಾತ್ರೆಯನ್ನು ಚೆನ್ನಾಗಿ ಅಗಿದೇ ನುಂಗಬೇಕು. ನಿಮ್ಮದು ಯಾವುದೆಂದು ಕೇಳಿ ತಿಳಿಯಿರಿ.

4. ಥೈರಾಯ್ಡ್ ಮಾತ್ರೆಯನ್ನೂ ಕೆಲವು ಸೋಂಕುನಿವಾರಕ ಔಷಧಗಳನ್ನೂ ಇದು ಕಟ್ಟಿಹಾಕುತ್ತದೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಹೊಸ ಔಷಧ ಕೊಟ್ಟವರಿಗೆ ಈ ಮಾತ್ರೆಯ ವಿಷಯ ಹೇಳಿ.

5. ವೈದ್ಯರು ಹೇಳಿದ ದಿನ ರಕ್ತಪರೀಕ್ಷೆ ತಪ್ಪಿಸಬೇಡಿ. ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ ರಂಜಕವು ಸುಮಾರು 2.5ರಿಂದ 4.5 ಮಿಲಿಗ್ರಾಂ ಇರುತ್ತದೆ. ನಿಮ್ಮ ಲೆಕ್ಕ ನೋಡಿ ಮಾತ್ರೆ ಏರಿಸುವುದು, ಇಳಿಸುವುದು ವೈದ್ಯರ ಕೆಲಸ.

ಮಾಡಕೂಡದ ಸಂಗತಿಗಳು

ಹೊಟ್ಟೆಯುರಿಗೆಂದು ಅಂಗಡಿಯಿಂದ ಬಿಳಿ ಔಷಧ ತಂದು ಕುಡಿಯಬೇಡಿ. ಅವುಗಳಲ್ಲಿ ಅನೇಕದರಲ್ಲಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತವೆ. 1970ರ ದಶಕದಲ್ಲಿ ಡಯಾಲಿಸಿಸ್ ರೋಗಿಗಳ ದೇಹದಲ್ಲಿ ಅಲ್ಯೂಮಿನಿಯಂ ಸೇರಿ ಮೆದುಳು, ಎಲುಬು ಕೆಟ್ಟುದು ಕಂಡುಬಂದಿತು. ಆದುದರಿಂದಲೇ ಈಗ ಬೇರೆ ಮಾತ್ರೆಗಳಿಗೆ ಆದ್ಯತೆ.

ಕ್ಯಾಲ್ಸಿಯಂ ಮಾತ್ರೆ ನುಂಗುವವರು ಎಲೆಯಡಿಕೆ ಹಾಕುವ ಅಭ್ಯಾಸವನ್ನು ವೈದ್ಯರಿಗೆ ತಿಳಿಸಬೇಕು, ಸುಣ್ಣವೂ ಕ್ಯಾಲ್ಸಿಯಮ್ಮೇ. ಅದು ಮಿತಿಮೀರಿದರೆ ಮಲಬದ್ಧತೆ, ವಾಕರಿಕೆ, ಮಂಕು ಕವಿಯುತ್ತದೆ. ಮಾತ್ರೆಗೆ ಬದಲು ಸುಣ್ಣ ತಿನ್ನುವುದಂತೂ ಸಲ್ಲದು.

ರಂಜಕಕ್ಕೆ ಹೆದರಿ ಬೇಳೆ, ಮೊಟ್ಟೆ, ಮೀನುಗಳನ್ನು ತಾವಾಗಿಯೇ ಬಿಡಬೇಡಿ. ಡಯಾಲಿಸಿಸ್‌ನಲ್ಲಿರುವವರಿಗೆ ಸಸಾರಜನಕ ಆಹಾರ ಬೇಕೇ ಬೇಕು. ಬಿಡಬೇಕಾದುದು ಕೋಲಾ ಪಾನೀಯ ಮತ್ತು ಪೊಟ್ಟಣದಲ್ಲಿ ಬರುವ ಸಂಸ್ಕರಿಸಿದ ತಿನಿಸು. ಅವಕ್ಕೆ ಬೆರೆಸಿದ ರಂಜಕವನ್ನು ಕರುಳು ಬಹುಮಟ್ಟಿಗೆ ಹೀರಿಬಿಡುತ್ತದೆ.

ಬೆಲೆ ಹೆಚ್ಚೆಂದು ಮೂರಕ್ಕೆ ಬದಲು ಒಂದು ನುಂಗಿ ಸುಮ್ಮನಿರಬೇಡಿ. ಮಾತನ್ನು ವೈದ್ಯರ ಮುಂದೆ ಬಿಚ್ಚಿ ಹೇಳಿ. ಅಗ್ಗದ ಔಷಧ ಜನೌಷಧಿ ಅಂಗಡಿಯಲ್ಲಿ ಸಿಗುವುದೇ ಎಂದು ವಿಚಾರಿಸಿ. 2016ರಲ್ಲಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಂತೆ ಬಡ ಕುಟುಂಬದವರಿಗೆ ಡಯಾಲಿಸಿಸ್ ಉಚಿತವಾಗಿದೆ. ಯಂತ್ರದ ಆ ಉಪಕಾರ ಮಾತ್ರೆಯಿಲ್ಲದೆ ಅರ್ಧಕ್ಕೇ ನಿಲ್ಲುತ್ತದೆ.

ತಡೆಯಲಾರದ ಹೊಟ್ಟೆನೋವು, ವಾಂತಿ, ಮಲ ಪೂರಾ ಕಟ್ಟುವುದು, ಮಲದಲ್ಲಿ ರಕ್ತ ಇವು ಕಂಡರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಅಡಿಗೆ ಮಾಡುವವರೂ, ಉಣಬಡಿಸುವವರೂ ಇದನ್ನು ಓದಿಸಿ ಕೇಳಲಿ. ಎಲೆ ಹಾಕಿದಾಗ ಉಪ್ಪಿನಕಾಯಿಗಿಂತ ಮೊದಲು ಮಾತ್ರೆ ಬಡಿಸಿದರೆ ಮರೆವಿಗೆ ಅವಕಾಶವೇ ಇಲ್ಲ.