32 ಗುಂಪಿಗೆ ಒಂದೇ ವಿಳಾಸ: ಈಥರ್‌ನೆಟ್‌ನಲ್ಲಿ ಮಲ್ಟಿಕಾಸ್ಟ್

ಈ ಸಲ ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ಪುಣೆಗೆ ಬಂದ ಹೊಸತು. ಟೆಸ್ಟಿಂಗ್‌ಗೆ ಅಂತ ಆಫೀಸಿನಲ್ಲಿ ಒಂದು ವಿಡಿಯೋ ಸ್ಟ್ರೀಮನ್ನು ಮಲ್ಟಿಕಾಸ್ಟ್ ಮಾಡಿದೆ. ವಿಳಾಸ 239.0.0.1. ನೆನಪಿಡೋಕೆ ಸುಲಭ, ಅದಕ್ಕೇ ಆರಿಸಿದ್ದು. ನೋಡೋರು ಇಬ್ಬರೇ. ಆದರೆ ಸ್ವಲ್ಪ ಹೊತ್ತಿಗೆ ಇಡೀ ಫ್ಲೋರಿನ ವೈಫೈ ಮಕಾಡೆ ಮಲಗಿತು. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ ಆನ್ ಇತ್ತು; ಅಂದರೆ ಯಾರು ಕೇಳಿದ್ದಾರೋ ಆ ಪೋರ್ಟ್‌ಗೆ ಮಾತ್ರ ಸ್ಟ್ರೀಮ್ ಹೋಗಬೇಕು. ಆದರೂ ಎಲ್ಲ ಪೋರ್ಟ್‌ಗೂ ಹೋಗ್ತಿತ್ತು!

ಕಾರಣ ಮ್ಯಾಕ್ ವಿಳಾಸದಲ್ಲಿದೆ. 48 ಬಿಟ್‌ನ ಈ ವಿಳಾಸದಲ್ಲಿ ಮೊದಲ ಬೈಟಿನ ಕೊನೆಯ ಬಿಟ್ 0 ಇದ್ದರೆ ಒಬ್ಬರಿಗೆ, 1 ಇದ್ದರೆ ಗುಂಪಿಗೆ. ಈಥರ್‌ನೆಟ್ ಪ್ರತಿ ಬೈಟನ್ನೂ ಹಿಂದಿನಿಂದ ಕಳಿಸುತ್ತೆ, ಹಾಗಾಗಿ ತಂತಿಯ ಮೇಲೆ ಮೊದಲು ಬರೋದೇ ಈ ಬಿಟ್. ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಇದ್ದ ಹಾಗೆ: ಉದ್ಯಾನ್ ಎಕ್ಸ್‌ಪ್ರೆಸ್ ಅಂದ ಕೂಡಲೇ ನಾವು ಕಿವಿ ನಿಮಿರಿಸ್ತೀವಿ, ಮಿಕ್ಕವರು ವಡಾಪಾವ್ ತಿಂತಾ ಇರ್ತಾರೆ. ನೆಟ್‌ವರ್ಕ್ ಕಾರ್ಡ್ ಮಾಡೋದೂ ಅದನ್ನೇ.

ಇನ್ನು ಐಪಿವಿ4 ಗುಂಪು ಮ್ಯಾಕ್ ವಿಳಾಸ ಆಗೋದು ಹೇಗೆ? 224ರಿಂದ 239ರವರೆಗಿನ ವಿಳಾಸಗಳಲ್ಲಿ ಮೊದಲ 4 ಬಿಟ್ ಎಲ್ಲದಕ್ಕೂ ಒಂದೇ, ಉಳಿಯೋದು 28. ಮ್ಯಾಕ್ ಕಡೆ 01:00:5ಇ ಅನ್ನೋ ಮುನ್ನುಡಿ, ಆಮೇಲೆ ಒಂದು 0 ಬಿಟ್. ಉಳಿದ ಜಾಗ 23 ಬಿಟ್ ಮಾತ್ರ. 5 ಬಿಟ್‌ಗೆ ಜಾಗವೇ ಇಲ್ಲ, ಬಿಸಾಕಿಬಿಡ್ತಾರೆ. ಹೀಗಾಗಿ 32 ಐಪಿ ಗುಂಪುಗಳಿಗೆ ಒಂದೇ ಮ್ಯಾಕ್.

ಇದರ ಹಿಂದೆ ಒಂದು ಕಥೆ ಹೇಳ್ತಾರೆ. ಸ್ಟೀವ್ ಡೀರಿಂಗ್ ಅವರಿಗೆ 28 ಬಿಟ್ಟೂ ಹಿಡಿಸೋಕೆ ಸಾಲಾಗಿ 16 ಮುನ್ನುಡಿಗಳು ಬೇಕಿತ್ತಂತೆ. ಒಂದೊಂದಕ್ಕೂ ಸಾವಿರ ಡಾಲರ್. ಜಾನ್ ಪೋಸ್ಟೆಲ್ ಒಂದನ್ನೇ ಕೊಂಡು, ಅದರಲ್ಲೂ ಅರ್ಧ ಮಾತ್ರ ಕೊಟ್ಟರಂತೆ. ಬಜೆಟ್ ಅಪ್ರೂವಲ್ ಗೋಳು ನಮಗೊಬ್ಬರಿಗೇ ಅಲ್ಲ!

ಈಗ ನನ್ನ ಎಡವಟ್ಟು. 239.0.0.1ರ ಕೊನೆಯ 23 ಬಿಟ್ ತಗೊಂಡರೆ ಬರೋದು 01:00:5ಇ:00:00:01. ಅದು 224.0.0.1ರ ಮ್ಯಾಕ್ ಕೂಡ ಹೌದು, ಅಂದರೆ ‘ಇಲ್ಲಿರೋ ಎಲ್ಲರೂ’ ಅನ್ನೋ ಗುಂಪು. 224.0.0 ಸಾಲಿನದನ್ನು ಸ್ನೂಪಿಂಗ್ ಇದ್ದರೂ ಎಲ್ಲ ಪೋರ್ಟ್‌ಗೂ ಕಳಿಸಬೇಕು ಅನ್ನೋದು ನಿಯಮ. ಐಪಿ ನೋಡಿ ತೀರ್ಮಾನಿಸೋ ಸ್ವಿಚ್ ಆಗಿದ್ದರೆ ನಾನು ಬಚಾವ್. ನಮ್ಮದು ಮ್ಯಾಕ್ ಮಾತ್ರ ನೋಡೋದು. ಪ್ರವಾಹ ಆಕ್ಸೆಸ್ ಪಾಯಿಂಟ್‌ಗೂ ನುಗ್ಗಿತು. ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಅತಿ ನಿಧಾನದ ವೇಗದಲ್ಲಿ ಹೋಗುತ್ತೆ, ದೂರದವರಿಗೂ ಕೇಳಲಿ ಅಂತ. ಗಾಳಿಯ ಸಮಯವೆಲ್ಲ ನನ್ನ ವಿಡಿಯೋಗೇ ಖರ್ಚು.

ವಿಳಾಸವನ್ನು 239.10.20.1 ಮಾಡಿದ ಮೇಲೆ ಸರಿಹೋಯಿತು. ನೀವು ಗುಂಪು ಆರಿಸುವಾಗ ಎರಡನೇ ಸಂಖ್ಯೆ 0 ಅಥವಾ 128 ಇದ್ದು, ಮೂರನೆಯದು 0 ಇದ್ದರೆ ಆ ವಿಳಾಸದ ಸಹವಾಸಕ್ಕೇ ಹೋಗಬೇಡಿ.