ಜಿಡ್ಡು ತಿನ್ನುವ ಕ್ಷಾರ ಓವನ್ನನ್ನೂ ಬಿಡದು

ಓವನ್ನಿನ ಒಳಗೋಡೆಗೆ ಅಂಟಿದ ಕಂದು ಕಲೆ ಪಾತ್ರೆ ತೊಳೆಯುವ ಸಾಬೂನಿಗೆ ಬಗ್ಗುವುದಿಲ್ಲ. ಅದು ಈಗ ಎಣ್ಣೆಯಾಗಿ ಉಳಿದಿಲ್ಲ ಎಂಬುದೇ ಕಾರಣ. ಪಿಜ್ಜಾದಿಂದಲೋ ಚಿಕನ್ ಟಿಕ್ಕಾದಿಂದಲೋ ಸಿಡಿದ ಜಿಡ್ಡಿನ ಹನಿಗಳು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ಆಮ್ಲಜನಕದ ಜತೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪಾಲಿಮರ್ ಆಗುತ್ತವೆ. ಎಣ್ಣೆ ಸವರಿ ದೋಸೆ ಕಾವಲಿಯನ್ನು ಪಳಗಿಸಿದಾಗ ಮೂಡುವ ಕಪ್ಪು ಪದರವೂ ಇಂಥದ್ದೇ. ಕಾವಲಿಯಲ್ಲಿ ಬೇಕೆಂದು ಬೆಳೆಸುವುದು ಓವನ್ನಿನಲ್ಲಿ ಬೇಡವೆಂದರೂ ಬೆಳೆಯುತ್ತದೆ.

ಅದನ್ನು ಕೀಳಲು ಅಂಗಡಿಯಲ್ಲಿ ಸಿಗುವ ಖಡಕ್ ಓವನ್ ಕ್ಲೀನರ್‌ಗಳ ಬಲವೆಲ್ಲ ಇರುವುದು ಸೋಡಿಯಂ ಹೈಡ್ರಾಕ್ಸೈಡಿನಲ್ಲಿ, ಅಂದರೆ ಕಾಸ್ಟಿಕ್ ಸೋಡಾದಲ್ಲಿ. ಕಟ್ಟಿಕೊಂಡ ಸಿಂಕಿನ ಪೈಪಿಗೆ ಸುರಿಯುವ ಪುಡಿಯಲ್ಲೂ ಸಾಮಾನ್ಯವಾಗಿ ಇರುವುದು ಅದೇ. ಇದರ ದ್ರಾವಣದ ಪಿಎಚ್ 13 ದಾಟುತ್ತದೆ. ಜಿಡ್ಡಿನ ಅಣುಗಳನ್ನು ಅದು ಕತ್ತರಿಸಿ ಸಾಬೂನು ಮತ್ತು ಗ್ಲಿಸರಿನ್ ಆಗಿಸುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಕ್ಷಾರದ ಹಸಿವು ಜಿಡ್ಡಿಗೇ ಮುಗಿಯುವುದಿಲ್ಲ.

ನಮ್ಮ ಅಡುಗೆಮನೆಗಳ ಚಿಕ್ಕ ವಿದ್ಯುತ್ ಓವನ್, ಅಂದರೆ ಓಟಿಜಿಯ ಒಡಲನ್ನೇ ನೋಡಿ. ಎಷ್ಟೋ ಮಾದರಿಗಳ ಒಳಗೋಡೆ ಸತುವಿನ ಇಲ್ಲವೇ ಅಲ್ಯೂಮಿನಿಯಂ ಲೇಪವಿರುವ ಉಕ್ಕಿನ ತಗಡು. ಈ ಎರಡೂ ಲೋಹಗಳು ಆಮ್ಲಕ್ಕೂ ಕರಗುತ್ತವೆ, ಪ್ರಬಲ ಕ್ಷಾರಕ್ಕೂ ಕರಗುತ್ತವೆ. ಅಲ್ಯೂಮಿನಿಯಂ ಮೈಮೇಲಿನ ಆಕ್ಸೈಡ್ ಪೊರೆಯನ್ನು ಕಾಸ್ಟಿಕ್ ಮೊದಲು ಕರಗಿಸುತ್ತದೆ, ನಂತರ ಲೋಹವನ್ನೇ ತಿನ್ನುತ್ತದೆ. ಆಗ ಏಳುವ ಗುಳ್ಳೆಗಳು ಹೈಡ್ರೋಜನ್ ಅನಿಲ. ಹೊಳೆಯುತ್ತಿದ್ದ ಗೋಡೆ ಬೂದುಬಣ್ಣಕ್ಕೆ ತಿರುಗಿದರೆ ಲೇಪ ಸವೆದಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಉಕ್ಕಿಗೆ ತುಕ್ಕು.

ದೊಡ್ಡ ಓವನ್ನುಗಳ ಒಳಗೆ ಎನಾಮೆಲ್ ಲೇಪ ಇರುತ್ತದೆ. ಉಕ್ಕಿನ ಮೇಲೆ ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕೂರಿಸಿದ ಗಾಜು ಅದು. ಹಾಗಾಗಿ ಅದು ಕ್ಷಾರವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ಬಿಸಿ ಗೋಡೆಗೆ ಕ್ಲೀನರ್ ಹೊಡೆದರೆ ಅಥವಾ ಉಳಿಕೆಯನ್ನು ಒರೆಸದೆ ಓವನ್ ಹಚ್ಚಿದರೆ ಗಾಜಿನ ಸಿಲಿಕಾ ಜಾಲವನ್ನೂ ಕ್ಷಾರ ಕೊರೆಯುತ್ತದೆ. ಅಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ, ಅದನ್ನು ಯಾವ ಉಜ್ಜುವಿಕೆಯೂ ತೆಗೆಯದು.

ಹೆಚ್ಚು ಚಿಂತೆಗೆ ಕಾರಣವಾಗಬೇಕಾದದ್ದು ಹೀಟಿಂಗ್ ರಾಡ್. ಅದರ ನಡುವೆ ನಿಕ್ರೋಮ್ ತಂತಿ, ಸುತ್ತ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ, ಹೊರಗೆ ಲೋಹದ ಕೊಳವೆ. ಈ ಪುಡಿ ಶಾಖವನ್ನು ಹೊರಗೆ ಬಿಟ್ಟು ವಿದ್ಯುತ್ತನ್ನು ಒಳಗೇ ತಡೆಯುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣವೂ ಇದೆ. ರಾಡಿನ ತುದಿಯ ಸೀಲಿನಲ್ಲಿ ಬಿರುಕಿದ್ದರೆ ಕ್ಲೀನರ್ ಮತ್ತು ತೊಳೆದ ನೀರು ಒಳಗಿಳಿಯುತ್ತವೆ. ಸ್ವಿಚ್ ಹಾಕಿದ ಕೂಡಲೇ ವಿದ್ಯುತ್ ಓವನ್ನಿನ ಮೈಗೆ ಸೋರುತ್ತದೆ. ಮನೆಯಲ್ಲಿ ಸೋರಿಕೆಯಾದರೆ ವಿದ್ಯುತ್ ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿ ಇದ್ದರೆ ಟ್ರಿಪ್ ಆಗಿ ಎಚ್ಚರಿಸುತ್ತದೆ. ಅದು ಇಲ್ಲದೆ, ಅರ್ಥಿಂಗೂ ಇಲ್ಲದ ಮನೆಯಲ್ಲಿ ಎಚ್ಚರಿಸುವುದು ಬಾಗಿಲು ಮುಟ್ಟಿದವರಿಗೆ ಹೊಡೆಯುವ ಶಾಕ್. ತೊಳೆದ ಮೇಲೆ ಟ್ರಿಪ್ ಆಗುತ್ತಿರುವ ಓವನ್ನನ್ನು ಬೇರೆ ಪ್ಲಗ್ಗಿಗೆ ಹಾಕಿ ಪರೀಕ್ಷಿಸುವುದು ಧೈರ್ಯವಲ್ಲ, ಮೂರ್ಖತನ.

ಒಳಗೆ ಉಷ್ಣತೆ ಅಳೆಯುವ ತೆಳ್ಳನೆಯ ಕೊಳವೆಯಿದ್ದರೆ ಅದಕ್ಕೂ ಕ್ಲೀನರ್ ತಾಗಬಾರದು. ಅದರ ಮೇಲೆ ಉಪ್ಪು ಕಟ್ಟಿದರೆ ಅಥವಾ ಅದು ಸವೆದುಹೋದರೆ ಅಳತೆ ತಪ್ಪುತ್ತದೆ. ಕೇಕ್ ಮೇಲೆ ಸೀದು ಒಳಗೆ ಹಸಿಯಾಗಿದ್ದರೆ ತಪ್ಪು ಯಾವಾಗಲೂ ಹಿಟ್ಟಿನದ್ದಲ್ಲ.

ಇನ್ನು ಉಳಿಕೆಯನ್ನು ಒರೆಸದೆ ಓವನ್ ಹಚ್ಚಿದಾಗ ಮೂಗಿಗೆ ಹೊಡೆಯುವ ಹೊಗೆ. ಓವನ್ನಿನ ಕಾವಿಗೆ ಕಾಸ್ಟಿಕ್ ಆವಿಯಾಗುವುದಿಲ್ಲ. ನೀರು ಹಾರಿಹೋಗಿ ಅದು ಅಲ್ಲೇ ಗಟ್ಟಿಯಾಗುತ್ತದೆ. ಹೊಗೆಯಾಗುವುದು ಸಡಿಲಗೊಂಡ ಜಿಡ್ಡು ಮತ್ತು ಕ್ಲೀನರಿನ ಉಳಿದ ಭಾಗಗಳು. ಕೆಲವು ಕ್ಲೀನರ್‌ಗಳಲ್ಲಿ ಬಳಸುವ ಮೊನೊಎಥನಾಲಮೀನ್ ಕುದಿಯುವುದು 170 ಡಿಗ್ರಿಯಲ್ಲಿ, ಅಂದರೆ ಕೇಕ್ ಬೇಯುವ ಕಾವಿನಲ್ಲೇ. ಅದರ ಆವಿ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಉರಿಸುತ್ತದೆ. ಆಸ್ತಮಾ ಇರುವವರಿಗೆ ಇದು ಸಣ್ಣ ತೊಂದರೆಯಲ್ಲ. ಸ್ಪ್ರೇ ಡಬ್ಬಿಯಾದರೆ ಒಳಗೆ ಬ್ಯೂಟೇನ್, ಪ್ರೊಪೇನ್‌ನಂಥ ಉರಿಯುವ ಅನಿಲವೂ ಇರಬಹುದು. ಪಕ್ಕದಲ್ಲಿ ಗ್ಯಾಸ್ ಸ್ಟವ್ ಹೊತ್ತಿರುವಾಗ ಅದನ್ನು ಒತ್ತಲೇಬೇಡಿ.

ಚರ್ಮದಲ್ಲೂ ಕೊಬ್ಬಿದೆ ಎಂಬುದನ್ನು ಮರೆಯಬಾರದು. ಕಾಸ್ಟಿಕ್ ಅದನ್ನೂ ಸಾಬೂನಾಗಿಸುತ್ತ ಆಳಕ್ಕೆ ಇಳಿಯುತ್ತದೆ, ನೋವು ತಡವಾಗಿ ತಿಳಿಯುವುದೂ ಉಂಟು. ಕೈಗೆ ತಾಗಿದರೆ ಹರಿಯುವ ನೀರಿನಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೊಳೆಯಬೇಕು; ನಿಂಬೆರಸ, ವಿನೆಗರ್ ಹಚ್ಚುವುದಲ್ಲ. ಕಣ್ಣಿಗೆ ಬಿದ್ದರೆ ಅಷ್ಟೇ ಹೊತ್ತು ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಗು ನುಂಗಿದ್ದರೆ ವಾಂತಿ ಮಾಡಿಸಬಾರದು, ಸುಟ್ಟ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. ಒಂದು ಕ್ಲೀನರ್ ಸಾಲದೆಂದು ಇನ್ನೊಂದನ್ನು ಬೆರೆಸುವುದು ಇನ್ನೂ ಅಪಾಯ: ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಮ್ಲ ಸೇರಿದರೆ ಹೊರಡುವುದು ವಿಷಕಾರಿ ಕ್ಲೋರಿನ್.

ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಓವನ್ನುಗಳು ಸಾಮಾನ್ಯ. ಜನರಲ್ ಎಲೆಕ್ಟ್ರಿಕ್ ಕಂಪನಿ 1963ರಲ್ಲಿ ಮಾರುಕಟ್ಟೆಗೆ ತಂದ ವಿದ್ಯೆ ಅದು. 480 ಡಿಗ್ರಿಯಷ್ಟು ಕಾವಿನಲ್ಲಿ ಜಿಡ್ಡೆಲ್ಲ ಬೂದಿಯಾಗುತ್ತದೆ. ಅಂಥ ಓವನ್ನಿಗೆ ರಾಸಾಯನಿಕ ಕ್ಲೀನರ್ ಹಾಕುವುದೇ ತಪ್ಪು, ಹಾಕಿ ಆ ಕಾವಿಗೆ ಏರಿಸುವುದು ಎನಾಮೆಲ್ಲಿಗೆ ಮರಣಶಾಸನ.

ಈಗಾಗಲೇ ಕ್ಲೀನರ್ ಬಳಸಿಬಿಟ್ಟಿದ್ದರೆ? ಪ್ಲಗ್ ಕಿತ್ತು, ಕಿಟಕಿ ತೆರೆದು, ಕೈಗವಸು ಹಾಕಿಕೊಂಡು, ಹಿಂಡಿದ ಒದ್ದೆ ಬಟ್ಟೆಯಲ್ಲಿ ಮತ್ತೆ ಮತ್ತೆ ಒರೆಸಿ. ನೀರು ಸುರಿಯಬೇಡಿ. ಕಂಬಿ, ತಟ್ಟೆಗಳನ್ನು ಹೊರಗೆ ತೆಗೆದು ನಲ್ಲಿಯಡಿ ತೊಳೆಯಿರಿ. ಉಳಿಕೆ ಹೋಯಿತೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರು ಮಾಡುವುದು ನಮಗೆ ಗೊತ್ತೇ ಇದೆ. ಅರಿಶಿನದ ಕರ್ಕ್ಯುಮಿನ್ ಕ್ಷಾರ ಸಿಕ್ಕರೆ ಕೆಂಪಾಗುತ್ತದೆ. ಒದ್ದೆ ಬಿಳಿ ಟಿಶ್ಯೂವಿನಲ್ಲಿ ಓವನ್ ಗೋಡೆ ಒರೆಸಿ, ಅದರ ಮೇಲೆ ಅರಿಶಿನದ ನೀರಿನ ಹನಿ ಬಿಡಿ. ಕೆಂಪಾದರೆ ಕ್ಷಾರ ಇನ್ನೂ ಇದೆ, ಹಳದಿಯಾಗಿಯೇ ಉಳಿದರೆ ಹೋಗಿದೆ. ಒಂದು ದಿನ ಬಾಗಿಲು ತೆರೆದಿಟ್ಟು ಒಣಗಿಸಿ, ಆಮೇಲೆ ಖಾಲಿ ಓವನ್ನನ್ನು ಅರ್ಧ ಗಂಟೆ ಕಾಯಿಸಿ. ಹೊಗೆ ಬಂದರೆ, ಟ್ರಿಪ್ ಆದರೆ, ರಾಡಿನಲ್ಲಿ ಕಿಡಿ ಕಂಡರೆ ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ.

ಇಷ್ಟೆಲ್ಲ ಪಾಡು ಬೇಡವೆಂದರೆ ದಾರಿ ಸರಳ. ಪ್ರತಿ ಬಾರಿ ಬಳಸಿದ ಮೇಲೆ, ಓವನ್ ಉಗುರುಬೆಚ್ಚಗಿರುವಾಗಲೇ, ಸಿಡಿದ ಎಣ್ಣೆಯನ್ನು ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿಬಿಡಿ. ಗಟ್ಟಿ ಪಾಲಿಮರ್ ಆಗುವ ಮುನ್ನ ಎಣ್ಣೆ ಎಣ್ಣೆಯೇ, ಅದಕ್ಕೆ ಕಾಸ್ಟಿಕ್ ಬೇಕಾಗುವುದಿಲ್ಲ. ಹಳೆಯ ಕಲೆ ಉಳಿದರೆ ಉಳಿಯಲಿ. ಅದರಿಂದ ಓವನ್ನಿನ ಅಂದ ಕೆಡಬಹುದು, ಮನೆಯವರ ಕಣ್ಣು, ಶ್ವಾಸಕೋಶ ಕೆಡುವುದಿಲ್ಲ.