ಇಂಗ್ಲಿಷಿನಲ್ಲಿ ತರತಮಭಾವ ಮತ್ತು ಮಾತಿನ ಪ್ರಮಾಣ

ಮಾತಿನಲ್ಲಿ ಅರ್ಥವೆಷ್ಟು ಮುಖ್ಯವೋ ಅದರ ಪ್ರಮಾಣವೂ ಅಷ್ಟೇ ಮುಖ್ಯ. ಒಂದು ಗುಣವು ಎಷ್ಟರಮಟ್ಟಿಗೆ ಇದೆ ಎಂಬುದನ್ನು ತಿಳಿಸಲು ಇಂಗ್ಲಿಷಿನಲ್ಲಿ ವೆರಿ, ಟೂ, ಮಚ್, ಫಾರ್, ಕ್ವೈಟ್, ಎನಫ್ ಮೊದಲಾದ ಕ್ರಿಯಾವಿಶೇಷಣಗಳಿವೆ. ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಗಳು ಇವುಗಳಲ್ಲಿ ಎಡವುವುದುಂಟು.

ಇದಕ್ಕೆ ಕಾರಣ ವಿದ್ಯಾರ್ಥಿಯ ಅಲಕ್ಷ್ಯವಲ್ಲ, ಎರಡು ಭಾಷೆಗಳ ರಚನಾಭೇದ. ಕನ್ನಡದಲ್ಲಿ ಹೋಲಿಕೆಯ ಭಾರವನ್ನು ‘ಇಂತ’ ಎಂಬುದೇ ಹೊರುತ್ತದೆ. ‘ಈ ಮರ ಎತ್ತರ’ ಎಂದರೂ, ‘ಆ ಮರಕ್ಕಿಂತ ಈ ಮರ ಎತ್ತರ’ ಎಂದರೂ ಗುಣವಾಚಕವು ರೂಪ ಬದಲಿಸದು. ಎರಡೂ ಕಡೆ ‘ಬಹಳ’ ಎಂದು ಸೇರಿಸಬಹುದು. ಇಂಗ್ಲಿಷಿನಲ್ಲಾದರೋ ‘ಟಾಲ್’ ಎಂಬುದು ‘ಟಾಲರ್’ ಆಗುತ್ತದೆ. ಅದರೊಡನೆ ಒತ್ತು ಕೊಡುವ ಪದವೂ ಬದಲಾಗಬೇಕು. ‘ವೆರಿ ಟಾಲ್’ ಎಂಬುದು ಸರಿ. ‘ವೆರಿ ಟಾಲರ್’ ಎಂಬುದು ತಪ್ಪು. ಅಲ್ಲಿ ‘ಮಚ್ ಟಾಲರ್’ ಅಥವಾ ‘ಫಾರ್ ಟಾಲರ್’ ಎನ್ನಬೇಕು. ‘ಬೆಟರ್’ ಎಂಬುದರಲ್ಲಿಯೇ ಹೋಲಿಕೆ ಅಡಗಿರುವುದರಿಂದ ‘ಮೋರ್ ಬೆಟರ್’ ಎಂಬುದು ಪುನರುಕ್ತಿ. ‘ಮಚ್ ಬೆಟರ್’ ಎಂಬುದೇ ಶುದ್ಧ. ಎಲ್ಲರಲ್ಲಿ ಉತ್ತಮನಾದವನಿಗೆ ಒತ್ತು ಕೊಡಲು ‘ಬೈ ಫಾರ್ ದಿ ಬೆಸ್ಟ್’ ಎನ್ನುತ್ತಾರೆ. ‘ಎನಫ್’ ಮಾತ್ರ ಗುಣವಾಚಕದ ಅನಂತರ ಬರುತ್ತದೆ: ‘ಗುಡ್ ಎನಫ್’.

ಇನ್ನು ವೆರಿ ಮತ್ತು ಟೂ ಪದಗಳ ಭೇದ ಕೇವಲ ವ್ಯಾಕರಣದ ವಿಷಯವಲ್ಲ. ಬಡ ವಿದ್ಯಾರ್ಥಿಯೊಬ್ಬನಿಗೆ ಮುಖ್ಯೋಪಾಧ್ಯಾಯರು ಶಿಫಾರಸು ಪತ್ರ ಬರೆಯುವರೆಂದು ಭಾವಿಸೋಣ. ‘ವೆರಿ ಪೂರ್’ ಎಂದರೆ ಅವನು ಬಹಳ ಬಡವನೆಂದಷ್ಟೇ ತಿಳಿಯುತ್ತದೆ. ‘ಟೂ ಪೂರ್ ಟು ಪೇ ದಿ ಫೀ’ ಎಂದರೆ ಶುಲ್ಕ ತೆರಲಾರದಷ್ಟು ಬಡವನೆಂಬುದು ಸ್ಪಷ್ಟವಾಗುತ್ತದೆ. ‘ಟೂ’ ಎಂಬುದು ಮಿತಿಮೀರಿದ್ದನ್ನು, ಅದರಿಂದೊದಗುವ ಅಡ್ಡಿಯನ್ನು ಸೂಚಿಸುವ ಪದ. ಆದುದರಿಂದಲೇ ದಾನಿಗಳಿಗೆ ‘ಟೂ ಗ್ರೇಟ್‌ಫುಲ್’ ಎಂದು ಬರೆದರೆ ಕೃತಜ್ಞತೆಯೇ ಅತಿಯಾಯಿತೆಂಬ ಅಪಾರ್ಥಕ್ಕೆ ಎಡೆಯಾದೀತು. ಅಲ್ಲಿ ‘ವೆರಿ’ ಎಂಬುದೇ ಉಚಿತ.

‘ಕ್ವೈಟ್’ ಎಂಬುದು ಇನ್ನೂ ಸೂಕ್ಷ್ಮ. ಪ್ರಶಂಸಾಪತ್ರದಲ್ಲಿ ‘ಕ್ವೈಟ್ ಗುಡ್’ ಎಂದರೆ ಬ್ರಿಟಿಷ್ ಓದುಗನು ಅದನ್ನು ‘ತಕ್ಕಮಟ್ಟಿಗೆ ಒಳ್ಳೆಯವನು’ ಎಂದು ಗ್ರಹಿಸಬಹುದು; ಅಮೆರಿಕದವನು ‘ಬಹಳ ಒಳ್ಳೆಯವನು’ ಎಂದು ತಿಳಿಯಬಹುದು. ‘ಕ್ವೈಟ್ ಪರ್ಫೆಕ್ಟ್’ ಎಂದಾಗಲಾದರೋ ‘ಸಂಪೂರ್ಣವಾಗಿ’ ಎಂಬ ಅರ್ಥವೇ ಬರುತ್ತದೆ. ಒಂದು ಪದದಿಂದ ವಿದ್ಯಾರ್ಥಿಯ ಯೋಗ್ಯತೆಯ ಅಳತೆಯೇ ವ್ಯತ್ಯಾಸವಾಗುವುದನ್ನು ಅಧ್ಯಾಪಕರು ಗಮನಿಸಬೇಕು.

‘ವೆರಿ’ ಎಂಬುದು ‘ನಿಜವಾದ’ ಎಂಬ ಅರ್ಥವುಳ್ಳ ಹಳೆಯ ಫ್ರೆಂಚ್ ಪದದಿಂದ ಬಂದುದು. ‘ದಿ ವೆರಿ ಮ್ಯಾನ್’, ಅಂದರೆ ‘ಅದೇ ಮನುಷ್ಯ’, ಎಂಬ ಪ್ರಯೋಗದಲ್ಲಿ ಆ ಹಳೆಯ ಛಾಯೆ ಇಂದಿಗೂ ಉಳಿದಿದೆ. ಪ್ರತಿ ವಾಕ್ಯದಲ್ಲಿಯೂ ಅದನ್ನು ಬಳಸಿದರೆ ಅದರ ಬಲ ಕುಂದುತ್ತದೆ. ಇದ್ದುದನ್ನು ಇದ್ದಷ್ಟೇ ಹೇಳುವುದು ಉತ್ತಮ ಭಾಷೆಯ ಲಕ್ಷಣ. ನುಡಿ ನಡೆಗಳು ಒಂದಾಗಿರಬೇಕೆಂದು ಬೋಧಿಸಿದ ಶರಣರ ನಾಡಿನ ಮಕ್ಕಳಿಗೆ ಈ ಪಾಠ ಹೊಸದೇನೂ ಅಲ್ಲ.